ಸಾಕುವ ಮುನ್ನವೇ ಜೊತೆಗಿದ್ದ ನಾಯಿ

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠವು ದೆಹಲಿ ಮತ್ತು ಅದರ ಸುತ್ತಲಿನ ನಗರಗಳ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಲ್ಲಿ ಇರಿಸಬೇಕೆಂದು ಆದೇಶಿಸಿತು. ಹನ್ನೊಂದು ದಿನಗಳ ತರುವಾಯ ತ್ರಿಸದಸ್ಯ ಪೀಠವು ಅದನ್ನು ಮಾರ್ಪಡಿಸಿತು. ರೇಬೀಸ್ ಶಂಕಿತ ಮತ್ತು ಆಕ್ರಮಣಕಾರಿ ನಾಯಿಗಳನ್ನು ಹೊರತುಪಡಿಸಿ ಉಳಿದವನ್ನು ಸಂತಾನಹರಣ ಚಿಕಿತ್ಸೆ ಹಾಗೂ ಲಸಿಕೆಯ ನಂತರ ಹಿಡಿದ ಜಾಗದಲ್ಲೇ ಬಿಡಬೇಕೆಂದಿತು. ನವೆಂಬರ್ 7ರಂದು, ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಂಥ ಆವರಣಗಳಿಂದ ಹಿಡಿದ ನಾಯಿಗಳನ್ನು ಮರಳಿ ಅಲ್ಲಿಗೇ ಬಿಡುವಂತಿಲ್ಲ ಎಂಬ ಆದೇಶವೂ ಹೊರಬಿತ್ತು.

ಆ ನಂತರ ತುಮಕೂರಿನಲ್ಲಿಯೂ ನಾಯಿಯ ವಿಷಯ ಬಂದರೆ ಮಾತು ಬಿಸಿಯೇರುತ್ತದೆ. ಅಮಾನಿಕೆರೆಯ ದಂಡೆಯ ಮೇಲೆ ಬೆಳಗಿನ ನಡಿಗೆಗೆ ಬರುವ ನನ್ನ ವಯಸ್ಸಿನವರಲ್ಲಿ ಎರಡು ಪಕ್ಷಗಳಿವೆ. ನಾಯಿಗೂ ಮನುಷ್ಯನಿಗೂ ಯುಗಾಂತರಗಳ ನಂಟು, ಆದ್ದರಿಂದ ನಾಯಿ ಸಾಕುವುದು ಪ್ರಕೃತಿಸಹಜ ಎಂದು ಒಂದು ಪಕ್ಷ ವಾದಿಸುತ್ತದೆ. ಪ್ರಾಣಿಯ ಕತ್ತಿಗೆ ಪಟ್ಟಿ ಬಿಗಿದು ಮೂರು ಕೋಣೆಗಳ ಮನೆಯಲ್ಲಿ ಕೂಡಿಹಾಕುವುದು ಎಲ್ಲಿಯ ಸಹಜತೆ ಎಂದು ಇನ್ನೊಂದು ಪಕ್ಷ ಕೇಳುತ್ತದೆ. ಎರಡೂ ಕಡೆಯವರು ಪ್ರಕೃತಿಯನ್ನೇ ಸಾಕ್ಷಿಗೆ ಕರೆಯುತ್ತಾರೆ. ಸಾಕ್ಷಿ ನಿಜವಾಗಿ ಏನು ಹೇಳುತ್ತದೆಂದು ಕೇಳುವ ವ್ಯವಧಾನ ಮಾತ್ರ ಇಬ್ಬರಿಗೂ ಇಲ್ಲ.

ನನಗೆ ತೋರುವಂತೆ ಗೊಂದಲವಿರುವುದು 'ಸಾಕು' ಎಂಬ ಕ್ರಿಯಾಪದದಲ್ಲಿ. ನಾಯಿಯೊಂದಿಗೆ ಬಾಳುವುದು ಒಂದು ಸಂಗತಿ, ನಾಯಿಯ ಒಡೆಯರಾಗುವುದು ಬೇರೆಯದೇ ಸಂಗತಿ. ಮೊದಲನೆಯದಕ್ಕೆ ಸಾವಿರಾರು ವರ್ಷಗಳ ಇತಿಹಾಸವಿದೆ. ಎರಡನೆಯದು, ಇಂದು ನಾವು ಕಾಣುವ ರೂಪದಲ್ಲಿ, ಇನ್ನೂರು ವರ್ಷಗಳನ್ನೂ ದಾಟಿಲ್ಲ.

ಜರ್ಮನಿಯ ಬಾನ್ ನಗರದ ಬಳಿ ಒಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಒಂದು ಸಮಾಧಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೊಂದು ಎಳೆಯ ನಾಯಿ. ಅದರ ಕಾಲ ಸುಮಾರು 14 ಸಾವಿರ ವರ್ಷಗಳ ಹಿಂದೆ. ಆ ನಾಯಿಯ ಹಲ್ಲುಗಳನ್ನು ಪರೀಕ್ಷಿಸಿದವರು ಅದು ಮರಿಯಾಗಿದ್ದಾಗ ಡಿಸ್ಟೆಂಪರ್ ರೋಗದಿಂದ ವಾರಗಟ್ಟಲೆ ನರಳಿತ್ತೆಂದೂ, ಮನುಷ್ಯರ ಆರೈಕೆಯಿಲ್ಲದೆ ಅಷ್ಟು ದಿನ ಬದುಕುವುದು ಸಾಧ್ಯವಿರಲಿಲ್ಲವೆಂದೂ ಅಭಿಪ್ರಾಯಪಟ್ಟಿದ್ದಾರೆ. ಆಗಿನ್ನೂ ಬೇಸಾಯ ಹುಟ್ಟಿರಲಿಲ್ಲ. ಕುರಿ, ದನ, ಕೋಳಿಗಳೆಲ್ಲ ಮನುಷ್ಯನ ಅಂಗಳಕ್ಕೆ ಬಂದದ್ದು ಆಮೇಲೆ. ಯಾವ ಉಪಯೋಗಕ್ಕೂ ಬಾರದ ರೋಗಿಷ್ಠ ಮರಿಯೊಂದನ್ನು ಬೇಟೆಗಾರರು ಜೋಪಾನ ಮಾಡಿದ್ದರೆಂದರೆ, ನಾಯಿಪ್ರೀತಿಯನ್ನು ಪಟ್ಟಣಿಗರ ಷೋಕಿ ಎಂದು ತಳ್ಳಿಹಾಕುವುದು ಕಷ್ಟ.

ತೋಳವು ನಾಯಿಯಾದ ಬಗೆ ಹೇಗೆಂಬ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಬೇಟೆಗಾರರು ತೋಳದ ಮರಿಗಳನ್ನು ತಂದು ಪಳಗಿಸಿದರೆನ್ನುವವರು ಕೆಲವರು. ಅಮೆರಿಕದ ಜೀವವಿಜ್ಞಾನಿ ರೇಮಂಡ್ ಕಾಪಿಂಜರ್ ಅವರ ವಾದ ಬೇರೆ: ಅಂಜಿಕೆ ಕಡಿಮೆಯಿದ್ದ ತೋಳಗಳು ಮನುಷ್ಯನ ತಿಪ್ಪೆಯನ್ನು ಅರಸಿ ತಾವಾಗಿ ಬಂದವು, ತಲೆಮಾರುಗಳು ಕಳೆದಂತೆ ತಮ್ಮನ್ನು ತಾವೇ ಪಳಗಿಸಿಕೊಂಡವು. ನಮ್ಮ ಊರುಗಳನ್ನು ಕಂಡವರಿಗೆ ಈ ಎರಡನೆಯ ವಾದ ಹೆಚ್ಚು ಪರಿಚಿತವೆನಿಸುತ್ತದೆ, ಅದರಲ್ಲೂ ಮದುವೆ ಛತ್ರಗಳ ಹಿಂಬದಿಯನ್ನು ಕಂಡವರಿಗೆ.

2013ರಲ್ಲಿ ಸ್ವೀಡನ್ನಿನ ತಂಡವೊಂದು ಪ್ರಕಟಿಸಿದ ಸಂಶೋಧನೆ ನಮ್ಮ ಕಡೆಯವರಿಗೆ ವಿಶೇಷ ಸ್ವಾರಸ್ಯದ್ದು. ಪಿಷ್ಟವನ್ನು ಅರಗಿಸುವ ಕಿಣ್ವವೊಂದಕ್ಕೆ ಕಾರಣವಾದ ವಂಶವಾಹಿಯ ಪ್ರತಿಗಳು ತೋಳದಲ್ಲಿ ಎರಡೇ ಇದ್ದರೆ, ನಾಯಿಯಲ್ಲಿ 4ರಿಂದ 30ರವರೆಗೆ ಇವೆ. ಮಾಂಸಾಹಾರಿ ಪ್ರಾಣಿಯೊಂದು ಮನುಷ್ಯನ ಧಾನ್ಯದ ಊಟಕ್ಕೆ ತನ್ನ ಹೊಟ್ಟೆಯನ್ನೇ ಹೊಂದಿಸಿಕೊಂಡಿತು. ಗುಬ್ಬಿಯ ಹಳ್ಳಿಯೊಂದರಲ್ಲಿ ರಾತ್ರಿ ಉಳಿದ ರಾಗಿಮುದ್ದೆಯ ತುಂಡಿಗೆ ಬಾಗಿಲ ಬಳಿ ಕಾಯುವ ನಾಯಿಯ ಹಿಂದೆ ಇಷ್ಟು ದೀರ್ಘವಾದ ಚರಿತ್ರೆಯಿದೆ. 2015ರಲ್ಲಿ ಜಪಾನಿನ ಸಂಶೋಧಕರು, ನಾಯಿ ಮತ್ತು ಒಡೆಯ ಪರಸ್ಪರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರ ದೇಹದಲ್ಲೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೆಚ್ಚುವುದನ್ನು ತೋರಿಸಿದರು. ತಾಯಿ–ಮಗುವಿನ ಬಾಂಧವ್ಯದಲ್ಲಿ ಪಾತ್ರ ವಹಿಸುವುದೂ ಇದೇ ಹಾರ್ಮೋನು. ಕೈಯಾರೆ ಬೆಳೆಸಿದ ತೋಳಗಳಲ್ಲಿ ಈ ಪರಿಣಾಮ ಕಂಡುಬರಲಿಲ್ಲ.

ಗುಬ್ಬಿಯ ಮಾತು ಬಂದದ್ದರಿಂದ ಆ ಊರಿನ ಹೆಸರಿನ ಹಕ್ಕಿಯನ್ನೂ ನೆನೆಯಬೇಕು. ಗುಬ್ಬಚ್ಚಿಯನ್ನು ಯಾರೂ ಸಾಕಲಿಲ್ಲ. ಅದು ಕಣದ ಕಾಳಿಗಾಗಿ ಬಂದು, ಸೂರಿನ ಸಂದಿಯಲ್ಲಿ ಗೂಡು ಕಟ್ಟಿ ನಮ್ಮ ನೆರೆಯ ಜೀವಿಯಾಯಿತು. 2018ರ ಅಧ್ಯಯನವೊಂದು, ಮನುಷ್ಯನನ್ನು ಅವಲಂಬಿಸಿದ ಗುಬ್ಬಚ್ಚಿಗಳಲ್ಲೂ ಪಿಷ್ಟವನ್ನು ಅರಗಿಸುವ ವಂಶವಾಹಿಯಲ್ಲಿ ಇಂಥದೇ ಆಯ್ಕೆಯ ಗುರುತನ್ನು ಪತ್ತೆಹಚ್ಚಿತು. ಇತ್ತ ಕುಣಿಗಲ್ಲಿನದು ಇದಕ್ಕೆ ತೀರ ವಿರುದ್ಧವಾದ ಕಥೆ. ಟಿಪ್ಪುವಿನ ಕಾಲದೊಂದಿಗೆ ನಂಟು ಹೇಳುವ ಅಲ್ಲಿನ ಫಾರಂನಲ್ಲಿ ಓಟದ ಕುದುರೆಗಳ ತಳಿ ಬೆಳೆಸಲಾಯಿತು. ಅಂಥ ಕುದುರೆಯ ತಾಯಿ ಯಾರು, ತಂದೆ ಯಾರು, ಯಾವುದು ಯಾವುದರೊಡನೆ ಕೂಡಬೇಕು ಎಂಬುದೆಲ್ಲವೂ ಮನುಷ್ಯನ ದಾಖಲೆಗೂ ನಿರ್ಧಾರಕ್ಕೂ ಒಳಪಟ್ಟದ್ದು. ನಾಯಿಯು ಬಹುಕಾಲ ಗುಬ್ಬಚ್ಚಿಯ ದಾರಿಯಲ್ಲಿ ನಡೆಯಿತು. ಅದನ್ನು ಕುದುರೆಯ ದಾರಿಗೆ ಎಳೆದದ್ದು ತೀರ ಇತ್ತೀಚೆಗೆ.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನಾಯಿಗಳ ಪ್ರದರ್ಶನ ಸ್ಪರ್ಧೆ ನಡೆದದ್ದು 1859ರಲ್ಲಿ. ಲಂಡನ್ನಿನ ಕೆನೆಲ್ ಕ್ಲಬ್ ಹುಟ್ಟಿದ್ದು 1873ರಲ್ಲಿ. ಕಿವಿ ಇಷ್ಟುದ್ದ, ಮೂತಿ ಇಷ್ಟು ಗಿಡ್ಡ ಎಂದು ನಿಯಮ ಬರೆದು, ಹತ್ತಿರದ ರಕ್ತಸಂಬಂಧಿಗಳನ್ನೇ ಕೂಡಿಸಿ 'ಶುದ್ಧ ತಳಿ'ಗಳನ್ನು ರೂಪಿಸಿದ್ದು ಬಹುಮಟ್ಟಿಗೆ ವಿಕ್ಟೋರಿಯಾ ಕಾಲದ ಗೀಳು. ಅದರ ಫಲ ಕಣ್ಣಮುಂದಿದೆ. ಪಗ್ ಜಾತಿಯ ನಾಯಿ ಸರಾಗವಾಗಿ ಉಸಿರಾಡಲಾರದು. ಇಂಗ್ಲಿಷ್ ಬುಲ್‌ಡಾಗ್‌ಗೆ ಬಹುತೇಕ ಶಸ್ತ್ರಚಿಕಿತ್ಸೆಯಿಂದಲೇ ಹೆರಿಗೆಯಾಗಬೇಕು. ಸೈಬೀರಿಯಾದ ಹಿಮಕ್ಕೆಂದು ದಟ್ಟ ತುಪ್ಪಳ ಬೆಳೆಸಿಕೊಂಡ ಹಸ್ಕಿಯನ್ನು ತುಮಕೂರಿನ ಏಪ್ರಿಲ್ ಬಿಸಿಲಿನಲ್ಲಿ ನಡೆಸಿಕೊಂಡು ಹೋಗುವವರಿದ್ದಾರೆ. ಬೇಸಾಯವಿಲ್ಲದ ನಾಡಿನಿಂದ ಬಂದ ಆ ತಳಿಯಲ್ಲಿ ಮುದ್ದೆ ಅರಗಿಸುವ ವಂಶವಾಹಿಯ ಪ್ರತಿಗಳೂ ಕಡಿಮೆ. ನಮ್ಮ ಭಾಷೆಯೂ ಈ ವಿಷಯದಲ್ಲಿ ನಿರ್ದೋಷಿಯಲ್ಲ. ಹೊರಗಿನಿಂದ ತಂದದ್ದು ನಮಗೆ 'ಜಾತಿನಾಯಿ', ಈ ಮಣ್ಣಿನಲ್ಲೇ ವಿಕಾಸಗೊಂಡದ್ದು 'ಕಂತ್ರಿ'. ಇಂಗ್ಲಿಷಿನಲ್ಲಿ ನಾಡು ಎಂಬರ್ಥದ ಕಂಟ್ರಿ ಪದವೇ ನಮ್ಮ ಬಾಯಲ್ಲಿ ಬೈಗುಳವಾಯಿತು!

ಹಾಗೆಂದು ಒಡೆತನವಿಲ್ಲದ ಪ್ರೀತಿಗಷ್ಟೇ ಹಿಂದಿನವರು ಮನ್ನಣೆ ಕೊಟ್ಟರೆಂದಲ್ಲ. ಕುಣಿಗಲ್ಲಿನ ಮಗ್ಗುಲಿನ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949–50ರ ವೀರಗಲ್ಲನ್ನು ಆಸಕ್ತರು ನೋಡಬೇಕು. ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ನಂತರ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನು, ಗಂಗರ ಬೂತುಗನ ಅನುಯಾಯಿಯಾದ ಮಣಲೇರನ ಶೌರ್ಯಕ್ಕೆ ಮೆಚ್ಚಿ ಬೇಕಾದುದನ್ನು ಕೇಳೆಂದಾಗ, ಅವನು ಕೇಳಿದ್ದು 'ಕಾಳಿ' ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆರಗಿ, ಎರಡೂ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಕೆರೆಯ ಕೆಳಗೆ ಎರಡು ಕಂಡುಗ ಭೂಮಿಯನ್ನೂ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಅರ್ಚಕನಿಗೆ ಪಾಪ ತಟ್ಟುವುದೆಂಬ ಷರತ್ತೂ ಶಾಸನದಲ್ಲಿದೆ. ಸೇವಾವಧಿಯಲ್ಲಿ ಇನಾಂ ಜಮೀನುಗಳ ಕಡತಗಳನ್ನು ಸಾಕಷ್ಟು ನೋಡಿದ ನನಗೆ, ಇದಕ್ಕಿಂತ ಗೌರವಯುತವಾದ ಉಂಬಳಿ ಕಂಡ ನೆನಪಿಲ್ಲ. ಇಲ್ಲಿ ಗಮನಿಸಬೇಕಾದದ್ದು ಪ್ರೀತಿಯ ಜೊತೆಗೇ ಬಂದ ಹೊಣೆಯನ್ನು. ನಾಯಿಯ ಹೆಸರಿನಲ್ಲಿ ಯಾರೋ ಒಬ್ಬರು ಉತ್ತರದಾಯಿಯಾಗಿದ್ದರು.

ಊರುನಾಯಿಯ ವ್ಯವಸ್ಥೆಯೂ ಹೀಗೆಯೇ ಒಂದು ಅಲಿಖಿತ ಒಪ್ಪಂದವಾಗಿತ್ತು. ಅದು ಗೋಮಾಳದಂತೆ, ಕೆರೆಯಂತೆ ಸಾರ್ವತ್ರಿಕ ಸ್ವತ್ತು. ನಾಲ್ಕು ಮನೆಯವರು ತುತ್ತು ಹಾಕುತ್ತಿದ್ದರು, ಬೀದಿಯ ಮಂದಿಯೆಲ್ಲ ಅದಕ್ಕೆ ಪರಿಚಿತರು, ಅಪರಿಚಿತರನ್ನು ಕಂಡರೆ ಅದು ಬೊಗಳುತ್ತಿತ್ತು. ಇದನ್ನು ನಾನು ರಮ್ಯಗೊಳಿಸುತ್ತಿಲ್ಲ. ಆ ಊರುಗಳಲ್ಲೇ ಹುಚ್ಚುನಾಯಿ ಕಚ್ಚಿ ಸತ್ತವರಿದ್ದರು, ಮರಿಗಳಲ್ಲಿ ಬಹುಪಾಲು ಬದುಕುತ್ತಿರಲಿಲ್ಲ. ಆದರೆ ತಿಪ್ಪೆ ಚಿಕ್ಕದಿದ್ದುದರಿಂದ ನಾಯಿಗಳ ಸಂಖ್ಯೆಯೂ ಹಿಡಿತದಲ್ಲಿತ್ತು. ಪಟ್ಟಣ ಬೆಳೆದಂತೆ ತಿಪ್ಪೆ ಬೆಟ್ಟವಾಯಿತು, ಪರಿಚಯ ಕರಗಿತು. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಬೀದಿನಾಯಿಗಳು ಸುಮಾರು 1.53 ಕೋಟಿ, ಕರ್ನಾಟಕದಲ್ಲಿ 11 ಲಕ್ಷಕ್ಕೂ ಅಧಿಕ. 2024ರೊಂದರಲ್ಲೇ ದೇಶದಲ್ಲಿ 37 ಲಕ್ಷಕ್ಕೂ ಹೆಚ್ಚು ನಾಯಿ ಕಡಿತದ ಪ್ರಕರಣಗಳು ದಾಖಲಾದವು. ಜಗತ್ತಿನ ರೇಬೀಸ್ ಸಾವುಗಳಲ್ಲಿ ಶೇ 36ರಷ್ಟು ಭಾರತದಲ್ಲಿ ಸಂಭವಿಸುತ್ತವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸತ್ತವರ ಮನೆಯವರ ಮುಂದೆ ನಿಂತು ಸಹವಿಕಾಸದ ಮಾತಾಡಲು ಯಾರಿಗೂ ನಾಲಗೆ ಏಳಲಾರದು.

ಈ ಜಿಲ್ಲೆಯಲ್ಲಿ ನಾಯಿಯ ಪ್ರಶ್ನೆಗೆ ಇನ್ನೊಂದು ಮುಖವಿದೆ. 2019ರ ಕೊನೆಯ ತಿಂಗಳುಗಳಿಂದ 2020ರ ಆರಂಭದವರೆಗೆ ತುಮಕೂರು, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಮಕ್ಕಳೂ ಸೇರಿದಂತೆ ಹಲವರು ಬಲಿಯಾದರು. ಸಂಜೆಯಾದರೆ ಜನ ಹೊರಗೆ ಕಾಲಿಡಲು ಹೆದರುತ್ತಿದ್ದ ದಿನಗಳವು. ಚಿರತೆಯ ದಾಳಿಗೆ ಕಾರಣಗಳು ಹಲವು, ಅದಕ್ಕೆಲ್ಲ ನಾಯಿಯನ್ನು ಹೊಣೆ ಮಾಡುವುದು ಅನ್ಯಾಯ. ಆದರೆ ಊರಂಚಿನ ಚಿರತೆಗೆ ನಾಯಿ ಎಷ್ಟು ಮುಖ್ಯವಾದ ಆಹಾರವೆಂಬುದು ಗೊತ್ತಿರುವ ಸಂಗತಿ. ಮಹಾರಾಷ್ಟ್ರದ ಅಕೋಲೆ ಭಾಗದಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ, ಚಿರತೆಯ ಆಹಾರದ ತೂಕದಲ್ಲಿ ಶೇ 39ರಷ್ಟು ನಾಯಿಯದೇ ಆಗಿತ್ತು. ಕಾವಲಿಗೆಂದು ತೋಟದ ಮನೆಯ ಮುಂದೆ ಸರಪಳಿಯಲ್ಲಿ ಕಟ್ಟಿದ ನಾಯಿ ಓಡಲಾರದು, ಹೋರಾಡಲಾರದು. ಚಿರತೆಯನ್ನು ದೂರವಿಡಬೇಕಾದದ್ದೇ ಅದನ್ನು ಬಾಗಿಲಿಗೆ ಕರೆಯುತ್ತದೆ. ನಾಯಿ ಕುರಿಮಂದೆಯೊಡನೆ ಬಿಡುಬೀಸಾಗಿ ಓಡಾಡುವಾಗ ಇದ್ದ ಅರ್ಥ ಸರಪಳಿಯ ಕೊನೆಯಲ್ಲಿ ಉಳಿಯುವುದಿಲ್ಲ.

ಪ್ರಾಣಿಗಳ ಪರವಾಗಿಯೇ ವಾದಿಸುವ ಅಮೆರಿಕದ ಕಾನೂನು ಪ್ರಾಧ್ಯಾಪಕ ಗ್ಯಾರಿ ಫ್ರಾನ್ಸಿಯೋನ್ ಅವರದು ಇನ್ನೂ ಕಠಿಣ ನಿಲುವು. ಇಡೀ ಬದುಕು ಪರಾಧೀನವಾಗುವಂಥ ಜೀವಿಗಳನ್ನು ಹುಟ್ಟಿಸುವುದೇ ತಪ್ಪು, ಇರುವವುಗಳನ್ನು ಚೆನ್ನಾಗಿ ನೋಡಿಕೊಂಡು ಹೊಸದನ್ನು ಹುಟ್ಟಿಸುವುದನ್ನು ನಿಲ್ಲಿಸಬೇಕೆನ್ನುತ್ತಾರೆ ಅವರು. ಆರಾಮಕುರ್ಚಿಯಲ್ಲಿ ಕುಳಿತು ಒಪ್ಪಬಹುದಾದ ಮಾತು. ಆದರೆ ನಾಯಿಗೆ ಹಿಂತಿರುಗಿ ಹೋಗಲು ಕಾಡಿಲ್ಲ. ನಮ್ಮ ಹಟ್ಟಿ, ಬೀದಿ, ತಿಪ್ಪೆಗಳೇ ಅದರ ಕಾಡು. ಫ್ರಾನ್ಸಿಯೋನ್ ಅವರ ಮಾತು ತಳಿ ಮಾರಾಟದ ಅಂಗಡಿಗಳಿಗೆ ನೂರಕ್ಕೆ ನೂರು ಅನ್ವಯಿಸುತ್ತದೆ, ಬೀದಿಯ ನಾಯಿಗೆ ಅನ್ವಯಿಸುವುದಿಲ್ಲ.

ಅರ್ಥಶಾಸ್ತ್ರದಲ್ಲಿ ಬಾಹ್ಯ ವೆಚ್ಚ ಎಂಬ ಪರಿಕಲ್ಪನೆಯಿದೆ. ಲಾಭ ಒಬ್ಬನದು, ಅದರ ಖರ್ಚು ಹೊರುವವರು ಇನ್ನಾರೋ. ಹುಟ್ಟುಹಬ್ಬಕ್ಕೆ ಮರಿಯನ್ನು ಕೊಂಡು, ವರ್ಗಾವಣೆಯಾದಾಗ ವರ್ತುಲ ರಸ್ತೆಯಲ್ಲಿ ಇಳಿಸಿ ಹೋಗುವ ಸುಶಿಕ್ಷಿತರು ಮಾಡುವುದು ಇದನ್ನೇ. ಮರಿಯ ಮುದ್ದು ಅವರ ಮಕ್ಕಳಿಗೆ, ಕಡಿತ ಬೆಳಗಿನ ಜಾವ ಹಾಲು ಹಾಕುವವನಿಗೆ, ಪತ್ರಿಕೆ ಹಂಚುವ ಹುಡುಗನಿಗೆ, ಪೌರಕಾರ್ಮಿಕ ಮಹಿಳೆಗೆ. ಬೀದಿನಾಯಿಗಳ ಮೇಲೆ ಸಿಟ್ಟಾಗುವ ನಮ್ಮ ಬಡಾವಣೆಗಳು ಈ ವೆಚ್ಚದ ಲೆಕ್ಕವನ್ನು ಎಂದೂ ಹಾಕುವುದಿಲ್ಲ.

2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬೀದಿನಾಯಿಯನ್ನು 'ಸಮುದಾಯ ಪ್ರಾಣಿ' ಎಂದು ಕರೆದಿವೆ. ನಮ್ಮ ಹಿರಿಯರ ಊರುನಾಯಿಯೇ ಸರ್ಕಾರಿ ಭಾಷೆಯಲ್ಲಿ ಮರಳಿ ಬಂದಂತಿದೆ. ಆದರೆ ಸಮುದಾಯವೆಂಬುದು ಯಾವ ಕಚೇರಿಯಲ್ಲಿ ಸಿಗುತ್ತದೆ? ನಾಯಿಗಳ ಪೈಕಿ ಶೇ 70ರಷ್ಟಕ್ಕೆ ಲಸಿಕೆ ಹಾಕಿದರೆ ರೇಬೀಸ್ ಹರಡುವ ಸರಪಳಿ ತುಂಡಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಷ್ಟರಲ್ಲಿ ಶೇ 70 ಎಂಬುದು ತಿಳಿಯಬೇಕಾದರೆ ಮೊದಲು ಎಣಿಕೆಯಾಗಬೇಕು, ಅದೂ ಬೀದಿಯಿಂದಲ್ಲ, ಮನೆಯಿಂದ ಆರಂಭವಾಗಬೇಕು. ಪಹಣಿಯಲ್ಲಿ ಮರಗಳನ್ನು ನಮೂದಿಸಲು ಕಲಂ ಇರುವಂತೆ, ತುಮಕೂರಿನ 35 ವಾರ್ಡುಗಳ ಮನೆ ಕಂದಾಯದ ನಮೂನೆಯಲ್ಲಿ ನಾಯಿಗೊಂದು ಸಾಲು ಸೇರಿಸಬಹುದು: ಇದೆಯೇ ಇಲ್ಲವೇ, ಲಸಿಕೆ ಎಂದು ಹಾಕಿಸಿದ್ದು, ಸಂತಾನಹರಣವಾಗಿದೆಯೇ. ಬೀದಿಯಿಂದ ದೇಶಿ ಮರಿಯನ್ನು ತಂದು ಸಾಕಿದವರಿಗೆ ಶುಲ್ಕ ಬೇಡ. ತಳಿಯ ಮರಿಯನ್ನು ದುಡ್ಡು ಕೊಟ್ಟು ತಂದವರು ವರ್ಷಕ್ಕೊಮ್ಮೆ ಕಟ್ಟಲಿ, ಆ ಹಣ ಅದೇ ವಾರ್ಡಿನ ಲಸಿಕೆಗೆ ಹೋಗಲಿ. ಮುಂದಿನ ಸಾಲಿನ ಕಂದಾಯದ ನಮೂನೆ ಅಚ್ಚಾಗುವ ಮೊದಲು ಈ ಕೆಲಸಕ್ಕೆ ಬೇಕಾಗುವುದು ಒಂದು ಠರಾವು ಮಾತ್ರ.