ಪಿಕಪ್ ಬೆನ್ನಿನ ಮನೆ ಮತ್ತು ಅದರ ಸ್ಪ್ರಿಂಗ್‌ಗಳು

ಉತ್ತರ ಅಮೆರಿಕದ ಹೆದ್ದಾರಿಗಳಲ್ಲಿ ಕಾಣಸಿಗುವ ಸ್ಲೈಡ್-ಇನ್ ಕ್ಯಾಂಪರ್ ಎಂದರೆ, ಪಿಕಪ್ ಟ್ರಕ್ಕಿನ ತೊಟ್ಟಿಯೊಳಗೆ ಜಾರಿಸಿ ಕೂರಿಸಿ ಬೇಡವಾದಾಗ ಇಳಿಸಿಡಬಹುದಾದ, ಹಾಸಿಗೆ, ಒಲೆ, ನೀರಿನ ಟ್ಯಾಂಕುಗಳುಳ್ಳ ಪುಟ್ಟ ಮನೆ. ಗಟ್ಟಿ ಗೋಡೆಯ ಕ್ಯಾಂಪರುಗಳು ಸಾಮಾನ್ಯವಾಗಿ 900ರಿಂದ 1,800 ಕಿಲೋ ತೂಗುವುದರಿಂದ ಟ್ರಕ್ಕಿನ ಹಿಂಭಾಗ ಕುಸಿಯುತ್ತದೆ. ಭಾರದ ಕೇಂದ್ರವು ಹಿಂದಿನ ಆಕ್ಸಲ್ಲಿಗಿಂತ ಹಿಂದೆ ಬಿದ್ದರಂತೂ ಮುಂದಿನ ಚಕ್ರಗಳು ಹಗುರಾಗಿ ಸ್ಟಿಯರಿಂಗ್ ಹಿಡಿತ ಸಡಿಲುತ್ತದೆ.

ಇದಕ್ಕೆ ಹಳೆಯ ಪರಿಹಾರವೆಂದರೆ ಲೀಫ್ ಸ್ಪ್ರಿಂಗಿಗೆ, ಅಂದರೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳ ಕಟ್ಟಿಗೆ, ಇನ್ನೊಂದು ಪಟ್ಟಿ ಸೇರಿಸುವುದು. ಆದರೆ ಕ್ಯಾಂಪರ್ ಇಳಿಸಿದ ದಿನ ಖಾಲಿ ಟ್ರಕ್ಕು ಒಳಗಿದ್ದವರನ್ನು ಕುಲುಕಿ ಹಾಕುತ್ತದೆ. ಆದ್ದರಿಂದ ಅನೇಕರು ಆಕ್ಸಲ್ ಮತ್ತು ಚಾಸಿಯ ನಡುವೆ ಕೂರುವ ಏರ್‌ಬ್ಯಾಗನ್ನು, ಎಂದರೆ ಹೊರೆಗೆ ತಕ್ಕಂತೆ ಗಾಳಿ ತುಂಬಿಸಬಹುದಾದ ರಬ್ಬರ್ ಚೀಲವನ್ನು, ಆಯ್ದುಕೊಳ್ಳುತ್ತಾರೆ. ಎಡ, ಬಲ ಚೀಲಗಳಿಗೆ ಪ್ರತ್ಯೇಕ ಕೊಳವೆಗಳಿರಬೇಕು. ಒಂದೇ ಕೊಳವೆಯಿದ್ದರೆ ತಿರುವಿನಲ್ಲಿ ಒತ್ತಿಹೋದ ಬದಿಯ ಗಾಳಿ ಇನ್ನೊಂದು ಬದಿಗೆ ನುಗ್ಗಿ, ವಾಲಿದ ವಾಹನವನ್ನು ಮತ್ತಷ್ಟು ವಾಲಿಸುತ್ತದೆ. ವಾಲಾಟಕ್ಕೆ ನಿಜವಾದ ಮದ್ದು ಆಂಟಿ-ಸ್ವೇ ಬಾರ್, ಎಂದರೆ ಎರಡೂ ಬದಿಗಳನ್ನು ಬೆಸೆದು ತಿರುಚುವಿಕೆಗೆ ಎದುರು ನಿಲ್ಲುವ ಉಕ್ಕಿನ ಸರಳು.

ಇಷ್ಟು ಖರ್ಚು ಮಾಡಿದರೂ ತಯಾರಕರು ಗೊತ್ತುಮಾಡಿದ ಒಟ್ಟು ತೂಕದ ಮಿತಿ ಒಂದು ಕಿಲೋ ಕೂಡ ಹೆಚ್ಚುವುದಿಲ್ಲ, ಏಕೆಂದರೆ ಆ ಮಿತಿಯು ಸ್ಪ್ರಿಂಗನ್ನಷ್ಟೇ ಅಲ್ಲದೆ ಬ್ರೇಕ್, ಆಕ್ಸಲ್, ಟೈರುಗಳನ್ನೂ ಲೆಕ್ಕಕ್ಕೆ ಹಿಡಿದಿರುತ್ತದೆ. ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಆ ಅಂಕಿ ಇರುತ್ತದೆ. ತುಂಬಿದ ಟ್ಯಾಂಕು, ಸಾಮಾನು, ಪ್ರಯಾಣಿಕರ ಸಮೇತ ವಾಹನವನ್ನು ವೇಬ್ರಿಜ್‌ನಲ್ಲಿ ತೂಗಿಸಿ ಅದರೊಡನೆ ಹೋಲಿಸುವುದು ಸ್ಪ್ರಿಂಗ್ ಕೊಳ್ಳುವುದಕ್ಕೂ ಮುಂಚಿನ ಕೆಲಸ.