ಸಣ್ಣ ಗದ್ದೆಯಲ್ಲಿ ಇಳಿಸಬೇಕಾದರೆ: ಮಾದರಿ ವಿಮಾನಕ್ಕೆ ಫ್ಲಾಪ್ ಜೋಡಿಸುವ ಕ್ರಮ

ಎಣೆಲು ಕೊಯ್ಲು ಮುಗಿದು ಗದ್ದೆ ಒಣಗಿತೆಂದರೆ ನಮ್ಮ ಕಾಸರಗೋಡು ಕಡೆಯ ಹುಡುಗರಿಗೆ ಆಟದ ಬಯಲು ಸಿಕ್ಕಿದಂತೆ. ಹಿಂದೆ ಅಲ್ಲಿ ಕ್ರಿಕೆಟ್ ಮಾತ್ರ ಇತ್ತು. ಈಗ ಅಲ್ಲೊಂದು ಇಲ್ಲೊಂದು ಕಡೆ ರಿಮೋಟಿನಿಂದ ಹಾರಿಸುವ ಮಾದರಿ ವಿಮಾನವೂ ಕಾಣಸಿಗುತ್ತದೆ. ಇಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗನೂ ಒಂದನ್ನು ಕಟ್ಟಿದ್ದ. ಹಾರಿಸುವುದರಲ್ಲಿ ತೊಂದರೆ ಇರಲಿಲ್ಲ, ತೊಂದರೆ ಇದ್ದದ್ದು ಇಳಿಸುವುದರಲ್ಲಿ. ಗದ್ದೆಯ ಒಂದು ತುದಿಯಲ್ಲಿ ತೆಂಗಿನ ಸಾಲು, ಇನ್ನೊಂದು ತುದಿಯಲ್ಲಿ ಅಡಿಕೆ ತೋಟ. ತೆಂಗಿನ ತಲೆಯ ಮೇಲಿಂದ ಬಂದ ವಿಮಾನ ನೆಲ ಮುಟ್ಟದೆ ಗದ್ದೆಯುದ್ದಕ್ಕೂ ತೇಲಿಕೊಂಡು ಹೋಗಿ ಅಡಿಕೆ ಮರಕ್ಕೆ ಬಡಿಯಿತು. ಎರಡು ತಿಂಗಳ ಕೆಲಸ ಎರಡು ಸೆಕೆಂಡಿನಲ್ಲಿ ಹಾಳು. ‘ಮಾವ, ಇದಕ್ಕೆ ಫ್ಲಾಪ್ ಬೇಕಿತ್ತು’ ಎಂದ ಅವನು.

ನಾನು ಓದಿದ್ದು ಬಿ.ಎ. ಆದರೂ ಎರಡನೇ ವಿಮಾನಕ್ಕೆ ಫ್ಲಾಪ್ ಜೋಡಿಸುವಾಗ ಪಕ್ಕದಲ್ಲಿ ಕುಳಿತು ಕೇಳಿ ತಿಳಿದುಕೊಂಡೆ. ಇಂಥ ಹವ್ಯಾಸವಿರುವ ಮಕ್ಕಳು ಮನೆಯಲ್ಲಿದ್ದರೆ ಉಪಯೋಗವಾದೀತೆಂದು ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಫ್ಲಾಪ್ ಎಂದರೇನು?

ಗಲ್ಫಿಗೆ ಹೋಗಿಬರುವವರು ರೆಕ್ಕೆಯ ಬಳಿಯ ಕಿಟಕಿಯಲ್ಲಿ ಕುಳಿತಿದ್ದರೆ ಇದನ್ನು ನೋಡಿಯೇ ಇರುತ್ತಾರೆ. ಮಂಗಳೂರು ಹತ್ತಿರವಾದಾಗ ರೆಕ್ಕೆಯ ಹಿಂಬದಿಯ ಹಲಗೆಗಳು ನಿಧಾನವಾಗಿ ಕೆಳಗೆ ಬಾಗುತ್ತವೆ. ಅವೇ ಫ್ಲಾಪ್‌ಗಳು. ಹಾಗೆ ಬಾಗಿದಾಗ ರೆಕ್ಕೆಯ ಬೆನ್ನು ಹೆಚ್ಚು ಬಾಗಿದಂತಾಗಿ, ಕಡಿಮೆ ವೇಗದಲ್ಲೂ ವಿಮಾನವನ್ನು ಎತ್ತಿ ಹಿಡಿಯುವ ಶಕ್ತಿ ಬರುತ್ತದೆ. ಜೊತೆಗೆ ಗಾಳಿಯ ತಡೆಯೂ ಹೆಚ್ಚುತ್ತದೆ. ಆದ್ದರಿಂದ ವೇಗ ಏರದಂತೆ ಕಡಿದಾಗಿ ಕೆಳಗಿಳಿಯಬಹುದು. ತೆಂಗಿನ ಮರ ದಾಟಿದ ಕೂಡಲೇ ಇಳಿಯಬೇಕಾದ ನಮ್ಮ ಗದ್ದೆಗಳಿಗೆ ಬೇಕಾದದ್ದು ಇದೇ.

ರೆಕ್ಕೆಯ ಹಿಂಬದಿಯ ಅಂಚಿನಲ್ಲಿ ಹೊರತುದಿಗೆ ಐಲೆರಾನ್, ಒಳಬದಿಗೆ ಫ್ಲಾಪ್. ಎಡ ಬಲಕ್ಕೆ ವಾಲಿಸುವ ಐಲೆರಾನ್‌ಗಳು ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ. ಫ್ಲಾಪ್‌ಗಳು ಹಾಗಲ್ಲ, ಎರಡೂ ಒಟ್ಟಿಗೆ, ಕೆಳಗೆ ಮಾತ್ರ. ಕೆಲವರು ಐಲೆರಾನ್‌ಗಳನ್ನೇ ಎರಡೂ ಕಡೆ ಕೆಳಗಿಳಿಸಿ ಫ್ಲಾಪಿನಂತೆ ಬಳಸುವುದುಂಟು. ಹಾಗೆ ಮಾಡಿದರೆ ನಿಧಾನ ವೇಗದಲ್ಲಿ ರೆಕ್ಕೆಯ ತುದಿ ಮೊದಲು ಹಿಡಿತ ಕಳೆದುಕೊಂಡು ವಿಮಾನ ಒಂದು ಕಡೆಗೆ ಮಗುಚುವ ಭಯವಿದೆ. ಹೊಸಬರು ಬೇರೆ ಫ್ಲಾಪ್ ಮಾಡುವುದೇ ಕ್ಷೇಮ.

ಎರಡು ಸರ್ವೊಗಳ ತಕರಾರು

ಫ್ಲಾಪನ್ನು ತಿರುಗಿಸುವ ಪುಟ್ಟ ಮೋಟಾರು ಪೆಟ್ಟಿಗೆಗೆ ಸರ್ವೊ ಎನ್ನುತ್ತಾರೆ. ಸಾಮಾನ್ಯವಾಗಿ ಪ್ರತಿ ಫ್ಲಾಪಿಗೆ ಒಂದೊಂದು. ಹೆಚ್ಚಿನವರು ಎಡವುವುದು ಇಲ್ಲೇ. ಐಲೆರಾನ್‌ಗೆ ಇಡುವಂತೆ ಎಡ ಬಲ ಸರ್ವೊಗಳನ್ನು ಕನ್ನಡಿಯ ಬಿಂಬದ ಹಾಗೆ ಇಟ್ಟು, ಎರಡನ್ನೂ ಒಂದೇ ಕವಲು ವಯರಿಗೆ ಜೋಡಿಸಿದರೆ ಒಂದು ಫ್ಲಾಪ್ ಮೇಲೆ, ಇನ್ನೊಂದು ಕೆಳಗೆ ಹೋಗುತ್ತದೆ. ಇದಕ್ಕೆ ಎರಡು ಪರಿಹಾರಗಳಿವೆ. ಎರಡು ಸರ್ವೊಗಳನ್ನೂ ಒಂದೇ ಮುಖವಾಗಿ ಕೂರಿಸುವುದು, ಅಥವಾ ರಿಸೀವರಿನಲ್ಲಿ ಎರಡು ಚಾನೆಲ್‌ಗಳಿಗೆ ಜೋಡಿಸಿ ಒಂದನ್ನು ಟ್ರಾನ್ಸ್‌ಮಿಟರಿನಲ್ಲಿ ತಿರುವುಮುರುವು ಮಾಡುವುದು. ಎರಡನೆಯ ದಾರಿಯಲ್ಲಿ ಎಡ ಬಲ ಸಮಮಾಡುವುದು ಸುಲಭ. ಬಹುತೇಕ ಸೆಟ್‌ಗಳಲ್ಲಿ ಫ್ಲಾಪಿಗೆ 6ನೇ ಚಾನೆಲ್ ಬಳಸುವ ರೂಢಿಯಿದೆ.

ಸರ್ವೊ ಒಟ್ಟು ಸುಮಾರು 90 ಡಿಗ್ರಿ ತಿರುಗುತ್ತದೆ. ಫ್ಲಾಪ್ ಕೆಳಗೆ ಮಾತ್ರ ಹೋಗುವುದರಿಂದ, ಫ್ಲಾಪ್ ಅರ್ಧ ಇಳಿದಾಗ ಸರ್ವೊದ ಕೈ ಕಡ್ಡಿಗೆ ನೇರ ಅಡ್ಡವಾಗಿ ನಿಲ್ಲುವಂತೆ ಜೋಡಿಸಬೇಕು. ಆಗ ಪೂರ್ತಿ ಮೇಲೆ, ಅರ್ಧ, ಪೂರ್ತಿ ಕೆಳಗೆ ಎಂಬ ಮೂರೂ ಸ್ಥಾನಗಳಿಗೆ ಸರ್ವೊದ ಇಡೀ ಚಲನೆ ಬಳಕೆಯಾಗುತ್ತದೆ. ಸರ್ವೊದ ಕೈ ಚಿಕ್ಕದಿರಲಿ. ಫ್ಲಾಪಿಗೆ ಅಂಟಿಸುವ ಹಾರ್ನ್ ಅದರ ಎರಡು ಪಟ್ಟು ಅಥವಾ ಸ್ವಲ್ಪ ಹೆಚ್ಚು ಉದ್ದವಿರಲಿ. ಚಿಕ್ಕ ಕೈಗೆ ಬಲ ಹೆಚ್ಚು, ಗಾಳಿ ಒತ್ತಿದರೂ ಫ್ಲಾಪ್ ಹಿಂದೆ ಸರಿಯದು.

ಬಿಜಾಗರಿಯನ್ನು ರೆಕ್ಕೆಯ ಕೆಳಮೈಯಲ್ಲಿಟ್ಟರೆ ಫ್ಲಾಪ್ ತಡೆಯಿಲ್ಲದೆ ಬಾಗುತ್ತದೆ. ನಡುವಿನಲ್ಲಿಟ್ಟರೆ ಫ್ಲಾಪಿನ ಮುಂದಂಚಿನ ಕೆಳಭಾಗವನ್ನು ಓರೆಯಾಗಿ ಕೆತ್ತಬೇಕು. ಎಲ್ಲಿಯಾದರೂ ಸಿಕ್ಕಿಕೊಂಡು ಸರ್ವೊ ಗುಂಯ್‌ಗುಡುತ್ತಿದ್ದರೆ ಹಾಗೆಯೇ ಬಿಡಬೇಡಿ. ಅದು ಸುಮ್ಮನೆ ವಿದ್ಯುತ್ ಎಳೆಯುತ್ತದೆ. ಅದೇ ವಿದ್ಯುತ್ತನ್ನು ನಂಬಿರುವ ರಿಸೀವರ್ ಆಕಾಶದಲ್ಲಿ ಕೈಕೊಟ್ಟರೆ ಕತೆ ಮುಗಿಯಿತು.

ಸ್ಕೇಲಿನಲ್ಲಿ ಅಳೆಯಿರಿ

ಸಾಮಾನ್ಯ ತರಬೇತಿ ಮಾದರಿಗೆ ಅರ್ಧ ಫ್ಲಾಪ್ ಎಂದರೆ ಸುಮಾರು 15 ಡಿಗ್ರಿ, ಪೂರ್ತಿ ಎಂದರೆ 30ರಿಂದ 40 ಡಿಗ್ರಿ ಸಾಕು. ಕೋನ ಅಳೆಯುವ ಸಾಧನ ಇಲ್ಲದಿದ್ದರೂ ಶಾಲೆಯ ಸ್ಕೇಲ್ ಸಾಕಾಗುತ್ತದೆ. ಫ್ಲಾಪಿನ ಅಗಲ 40 ಮಿ.ಮೀ. ಇದ್ದರೆ ಅದರ ಹಿಂದಂಚು 10 ಮಿ.ಮೀ. ಇಳಿದಾಗ 15 ಡಿಗ್ರಿ, 20 ಮಿ.ಮೀ. ಇಳಿದಾಗ 30 ಡಿಗ್ರಿ, 26 ಮಿ.ಮೀ. ಇಳಿದಾಗ 40 ಡಿಗ್ರಿ. ಮೂರು ಸ್ಥಾನಗಳಲ್ಲೂ ಎಡ ಬಲ ಎರಡನ್ನೂ ಅಳೆಯಬೇಕು. ಒಂದು ಕಡೆ ಹೆಚ್ಚಿದ್ದರೆ ಫ್ಲಾಪ್ ಇಳಿಸಿದ ಕೂಡಲೇ ವಿಮಾನ ಮತ್ತೊಂದು ಕಡೆಗೆ ವಾಲುತ್ತದೆ. ಅದು ನೆಲದ ಹತ್ತಿರ ಆದರೆ ಸರಿಪಡಿಸಲು ಸಮಯವೇ ಇರುವುದಿಲ್ಲ.

ಈ ಕೆಲಸಗಳನ್ನೆಲ್ಲ ಪ್ರೊಪೆಲ್ಲರ್ ಕಳಚಿಟ್ಟೇ ಮಾಡಿ. ಬ್ಯಾಟರಿ ಜೋಡಿಸಿದ ಮೇಲೆ ಅಕಸ್ಮಾತ್ ಸ್ಟಿಕ್ ತಾಗಿದರೂ ಬೆರಳು ಹೋದೀತು.

ಕಂಪ್ಯೂಟರ್ ಟ್ರಾನ್ಸ್‌ಮಿಟರ್ ಇದ್ದರೆ ಎರಡು ಹೊಂದಾಣಿಕೆಗಳು ಮುಖ್ಯ. ಮೊದಲನೆಯದು ವೇಗ. ಫ್ಲಾಪ್ ತಟ್ಟನೆ ಬೀಳದೆ ಎರಡು ಮೂರು ಸೆಕೆಂಡ್ ತೆಗೆದುಕೊಂಡು ಇಳಿಯಲಿ. ಎರಡನೆಯದು ಎಲಿವೇಟರ್ ಮಿಕ್ಸಿಂಗ್. ಮೇಲ್ರೆಕ್ಕೆಯ ಮಾದರಿಗಳಲ್ಲಿ ಫ್ಲಾಪ್ ಇಳಿಸಿದಾಗ ಮೂಗು ಮೇಲೆದ್ದು ವಿಮಾನ ಉಬ್ಬಿದಂತೆ ಏರುವುದು ಸಾಮಾನ್ಯ. ಹಾಗೆ ಏರಿ ವೇಗ ಕಳೆದುಕೊಂಡರೆ ಮುಂದೆ ಬೀಳುವುದೇ. ಆದ್ದರಿಂದ ಫ್ಲಾಪಿನ ಜೊತೆಗೆ ಎಲಿವೇಟರ್ ತುಸು ಕೆಳಗೆ ಬಾಗುವಂತೆ ಬೆರೆಸಬೇಕು. ಎಷ್ಟು ಎಂಬುದು ಪ್ರತಿ ವಿಮಾನಕ್ಕೂ ಬೇರೆ. ಅತಿ ಸ್ವಲ್ಪದಿಂದ ಆರಂಭಿಸಿ, ಹಾರಿಸಿ ನೋಡಿಯೇ ಹೆಚ್ಚಿಸಬೇಕು.

ಮೊದಲ ಪರೀಕ್ಷೆ ಎತ್ತರದಲ್ಲಿ

ಮೊದಲ ಸಲವೇ ಫ್ಲಾಪ್ ಹಾಕಿ ಇಳಿಸಲು ಹೋಗುವುದು ದೊಡ್ಡ ತಪ್ಪು. ಸಾಕಷ್ಟು ಎತ್ತರಕ್ಕೆ ಒಯ್ದು, ಥ್ರಾಟಲ್ ತಗ್ಗಿಸಿ ವೇಗ ಇಳಿದ ಮೇಲೆ ಅರ್ಧ ಫ್ಲಾಪ್ ಹಾಕಿ. ಪೂರ್ಣ ವೇಗದಲ್ಲಿ ಹಾಕಿದರೆ ಸರ್ವೊದ ಹಲ್ಲು ಮುರಿಯಬಹುದು. ಮೂಗು ಏಳುತ್ತದೆಯೇ, ವಿಮಾನ ಒಂದು ಕಡೆಗೆ ವಾಲುತ್ತದೆಯೇ ಎಂದು ನೋಡಿ. ವಾಲಿದರೆ ಕೂಡಲೇ ಸ್ವಿಚ್ಚನ್ನು ಹಿಂದಿನ ಸ್ಥಾನಕ್ಕೆ ತನ್ನಿ. ಅರ್ಧದಲ್ಲಿ ಸರಿಯಾದರೆ ಮಾತ್ರ ಪೂರ್ತಿ. ಎಷ್ಟು ವೇಗಕ್ಕೆ ವಿಮಾನ ಕುಸಿಯುತ್ತದೆ ಎಂಬುದನ್ನೂ ಅಲ್ಲೇ ತಿಳಿದುಕೊಳ್ಳಿ.

ಇಳಿಸುವಾಗ ಥ್ರಾಟಲನ್ನು ಪೂರ್ತಿ ಮುಚ್ಚಬಾರದು. ಫ್ಲಾಪಿನ ತಡೆಯಿಂದ ವೇಗ ಬೇಗ ಸೋರಿಹೋಗುತ್ತದೆ, ಸ್ವಲ್ಪ ಶಕ್ತಿ ಕೊಡುತ್ತಲೇ ಬರಬೇಕು. ಇಳಿಯಲು ಆಗದು ಎನಿಸಿದರೆ ಮೊದಲು ಥ್ರಾಟಲ್ ಏರಿಸಿ, ಆಮೇಲೆ ಫ್ಲಾಪನ್ನು ಅರ್ಧಕ್ಕೆ, ಎತ್ತರ ಸಿಕ್ಕಿದ ಮೇಲೆ ಪೂರ್ತಿ ಮೇಲಕ್ಕೆ. ಒಮ್ಮೆಲೇ ಮೇಲೆತ್ತಿದರೆ ಆಧಾರ ಕಿತ್ತುಕೊಂಡಂತೆ ವಿಮಾನ ದೊಪ್ಪನೆ ಕೆಳಗೆ ಬರುತ್ತದೆ. ಎದುರುಗಾಳಿ ಜೋರಿದ್ದ ದಿನ ಅರ್ಧ ಫ್ಲಾಪೇ ಸಾಕು.

ಕಾನೂನಿನ ಮಾತೂ ಒಂದಿದೆ. 2021ರ ಡ್ರೋನ್ ನಿಯಮಗಳಲ್ಲಿ ಮಾದರಿ ವಿಮಾನಗಳ ಪ್ರಸ್ತಾಪವೂ ಇದೆ. ಇದು ಕೇಂದ್ರದ ನಿಯಮವಾದ್ದರಿಂದ ತಲಪಾಡಿಯ ಆಚೆಗೂ ಈಚೆಗೂ ಒಂದೇ. ಉತ್ತರಕ್ಕೆ ಮಂಗಳೂರು ವಿಮಾನ ನಿಲ್ದಾಣ, ದಕ್ಷಿಣಕ್ಕೆ ಏಳಿಮಲೆಯ ನೌಕಾ ಅಕಾಡೆಮಿ ಇರುವುದರಿಂದ, ನಿಮ್ಮ ಊರು ಹಸಿರು, ಹಳದಿ, ಕೆಂಪು ಯಾವ ವಲಯದಲ್ಲಿದೆ ಎಂದು ಸರಕಾರದ ನಕ್ಷೆಯಲ್ಲಿ ನೋಡಿಕೊಂಡೇ ಹಾರಿಸಿ. ಜನ, ದನಕರು, ವಿದ್ಯುತ್ ತಂತಿ ಇರುವಲ್ಲಿ ಬೇಡವೇ ಬೇಡ.

ನಮ್ಮ ಹುಡುಗನ ಎರಡನೇ ವಿಮಾನ ಅದೇ ಗದ್ದೆಯಲ್ಲಿ ಇಳಿಯಿತು. ತೆಂಗು ದಾಟಿ, ಮೂಗು ತಗ್ಗಿಸಿ, ಬಿಸಿಲಲ್ಲಿ ಹಾರಿ ದಣಿದ ಕೊಕ್ಕರೆಯಂತೆ ನಿಧಾನವಾಗಿ ಬಂದು ಗದ್ದೆಯ ನಡುವಿನಲ್ಲೇ ನಿಂತಿತು. ಅಡಿಕೆ ತೋಟಕ್ಕೆ ಇನ್ನೂ ಅರ್ಧ ಗದ್ದೆ ಬಾಕಿ ಇತ್ತು. ಅದಕ್ಕೆ ಮೊದಲು ನಾಲ್ಕು ಸಂಜೆ ಅವನು ಜಗಲಿಯಲ್ಲಿ ಸ್ಕೇಲ್ ಹಿಡಿದು ಎಡ ಬಲ ಅಳೆಯುತ್ತ ಕುಳಿತದ್ದನ್ನು ನಾನು ಕಂಡಿದ್ದೇನೆ. ಇಳಿಸುವ ಕೆಲಸದ ಮುಕ್ಕಾಲು ಪಾಲು ಅಲ್ಲೇ ಮುಗಿದಿತ್ತು.