ಸ್ಟೀಫನ್ ಹಾಕಿಂಗ್ ಮನಸ್ಸನ್ನು ಕಂಪ್ಯೂಟರ್ ಓದುತ್ತಿತ್ತೇ? ಇಲ್ಲ, ಅದು ಒಂದು ಸ್ವಿಚ್‌ನ ಕೆಲಸ

ವಿಜ್ಞಾನಿ ಸ್ಟೀಫನ್ ಹಾಕಿಂಗ್ ಗಾಲಿಕುರ್ಚಿಯಲ್ಲಿ ಅಲುಗಾಡದೆ ಕೂತಿರುವ, ಕಂಪ್ಯೂಟರ್ ಅವರ ಪರವಾಗಿ ಮಾತಾಡುವ ವಿಡಿಯೋ ನೀವೂ ನೋಡಿರುತ್ತೀರಿ. ಯಂತ್ರ ಅವರ ಮನಸ್ಸನ್ನೇ ಓದುತ್ತಿತ್ತು ಎಂದುಕೊಂಡವರು ಬಹಳ ಮಂದಿ. ಹಾಗಲ್ಲ. ಮೊದಲು ಅವರು ಕೈಯಲ್ಲಿ ಹಿಡಿದ ಸ್ವಿಚ್ ಒತ್ತುತ್ತಿದ್ದರು. ಕೈ ಸೋತ ಮೇಲೆ, ಕೆನ್ನೆಯ ಸಣ್ಣ ಅಲುಗಾಟವನ್ನು ಕನ್ನಡಕಕ್ಕೆ ಸಿಕ್ಕಿಸಿದ ಇನ್‌ಫ್ರಾರೆಡ್ ಸೆನ್ಸರ್ ಗುರುತಿಸುತ್ತಿತ್ತು. ಇಂಟೆಲ್ ಕಂಪನಿ ಅವರಿಗಾಗಿ ಮಾಡಿದ ಸಾಫ್ಟ್‌ವೇರನ್ನು 2015ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟಿತು.

'ಅದೆಲ್ಲ ಕೋಟಿ ರೂಪಾಯಿ ಮಾತು, ನಮ್ಮ ಮಗುವಿಗಲ್ಲ' ಎಂದು ಕೈಚೆಲ್ಲುವ ಮೊದಲು ಇದು ನಡೆಯುವ ಬಗೆ ತಿಳಿದಿರಲಿ. ಪರದೆಯ ಮೇಲೆ ಅಕ್ಷರಗಳ ಸಾಲುಗಳು ಒಂದೊಂದಾಗಿ ಬೆಳಗುತ್ತವೆ. ಬೇಕಾದ ಸಾಲು ಬಂದಾಗ ಒಮ್ಮೆ ಒತ್ತಬೇಕು. ಆಮೇಲೆ ಆ ಸಾಲಿನ ಅಕ್ಷರಗಳು ಬೆಳಗುತ್ತವೆ, ಬೇಕಾದ್ದು ಬಂದಾಗ ಇನ್ನೊಮ್ಮೆ. ಬಸ್‌ಸ್ಟ್ಯಾಂಡಿನಲ್ಲಿ ನಮ್ಮೂರಿನ ಬೋರ್ಡು ಬರುವ ತನಕ ಕಾದು ಹತ್ತಿದ ಹಾಗೆ.

ನಿಧಾನ, ನಿಜ. ಗುಣಿತ, ಒತ್ತಕ್ಷರದ ಚಿಹ್ನೆಗಳೂ ಸೇರಿ 'ಹನೂರು' ಬರೆಯಲು 5 ಕೀ ಬೇಕು, 'ಯಳಂದೂರು' 7, 'ಕೊಳ್ಳೇಗಾಲ' 9. ಕೀಗೆ ಎರಡು ಸಲದಂತೆ ಕೊಳ್ಳೇಗಾಲಕ್ಕೇ 18 ಸಲ ಒತ್ತಬೇಕು! ಅದಕ್ಕೇ 'ನೀರು ಬೇಕು', 'ನೋವಾಗ್ತಿದೆ' ಎಂಬ ದಿನಬಳಕೆಯ ಮಾತುಗಳನ್ನು ಒಂದೊಂದು ಗುಂಡಿಗೆ ಮೊದಲೇ ಜೋಡಿಸಿಡುತ್ತಾರೆ.

ಫಾರ್ವರ್ಡ್ ಮಾಡಬೇಕಾದ ಸಂಗತಿ ಇದು: ಈ ಸೌಲಭ್ಯ ಫೋನಿಗೂ ಇದೆ. ಆ್ಯಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯೊಳಗೆ 'ಸ್ವಿಚ್ ಆ್ಯಕ್ಸೆಸ್' ಹುಡುಕಿ. ಇಲ್ಲದಿದ್ದರೆ ಪ್ಲೇ ಸ್ಟೋರ್‌ನಲ್ಲಿ ಗೂಗಲ್‌ನ ಅದೇ ಹೆಸರಿನ ಆ್ಯಪ್ ಉಚಿತ. ಐಫೋನ್‌ನಲ್ಲಿ ಅದು 'ಸ್ವಿಚ್ ಕಂಟ್ರೋಲ್'. ವಾಲ್ಯೂಮ್ ಬಟನ್ನನ್ನೋ, ಒಟಿಜಿಯಿಂದ ಸೇರಿಸಿದ ಕೀಬೋರ್ಡಿನ ಒಂದು ಕೀಯನ್ನೋ ಸ್ವಿಚ್ ಮಾಡಿ ಪರೀಕ್ಷಿಸಬಹುದು. ಹೊಸ ಫೋನ್‌ಗಳಲ್ಲಿ ನಗುವುದು, ಹುಬ್ಬೇರಿಸುವುದು ಕೂಡ ಕ್ಯಾಮೆರಾ ಮೂಲಕ ಸ್ವಿಚ್ ಆಗುತ್ತದೆ.

ಕಷ್ಟವಿರುವುದು ಯಂತ್ರದಲ್ಲಲ್ಲ, ಯಾವ ಚಲನೆ ಎಂದು ಆರಿಸುವುದರಲ್ಲಿ. ಸೆರೆಬ್ರಲ್ ಪಾಲ್ಸಿ ಇರುವ ಕೆಲವು ಮಕ್ಕಳು ಒತ್ತಲು ಹೆಣಗಿದಷ್ಟೂ ಕೈ ಬಿಗಿಯಾಗುತ್ತದೆ, ಒತ್ತಿದ್ದನ್ನು ಬಿಡಲಾಗುವುದಿಲ್ಲ. ಅಂಥವರಿಗೆ ತಲೆ, ಮಂಡಿ ಅಥವಾ ಪಾದ ಒಗ್ಗಬಹುದು. ಅದಕ್ಕೂ ಮೊದಲು ಬೆನ್ನಿಗೆ, ಪಾದಕ್ಕೆ ಆಸರೆ ಇರುವ ಕುರ್ಚಿ ಬೇಕು. ಫಿಸಿಯೋಥೆರಪಿಸ್ಟ್ ನೆರವಾಗುತ್ತಾರೆ. ಮಾತಿನ ಬದಲಿ ದಾರಿಗಳಿಗೆ ಈ ಭಾಗದವರಿಗೆ ಹತ್ತಿರದ ದೊಡ್ಡ ಕೇಂದ್ರವೆಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಹೋಗುವಾಗ ಮಗು ಮನೆಯಲ್ಲಿ ಆಡುವುದರ ಒಂದೆರಡು ನಿಮಿಷದ ವಿಡಿಯೋ ಒಯ್ಯಿರಿ. ಹೊಸ ಜಾಗದಲ್ಲಿ ಗಾಬರಿಯಾದ ಮಗು ತೋರಿಸದ ಚಲನೆ ಅದರಲ್ಲಿ ಸಿಗಬಹುದು.